ಅರ್ಧಂಬರ್ಧ ಆದ ನೃತ್ಯವನ್ನು ಜನರಿಗೆ ತೋರಿಸಬೇಕಾ?

ಓದುಗರ ಪ್ರಶ್ನೆ: ಹದಿನೈದು ನಿಮಿಷದ ಒಂದು ಸಮಕಾಲೀನ ನೃತ್ಯ ಕಟ್ಟುತ್ತಿದ್ದೇನೆ. ಸುಮಾರು ಅರ್ಧ ಆಗಿದೆ. ಒಂದಿಷ್ಟು ಜನರನ್ನು ಕರೆದು ಇಷ್ಟನ್ನೇ ತೋರಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಪೂರ್ತಿ ಆಗದ್ದನ್ನು ತೋರಿಸಿದರೆ ಮರ್ಯಾದೆ ಹೋಗಲ್ವಾ? ಒಂದು ವೇಳೆ ತೋರಿಸಿದರೂ, ನೋಡಿದವರ ಹತ್ತಿರ ಏನು ಕೇಳಬೇಕು?

ತೋರಿಸಿ. ಆದರೆ ಮುಗಿದ ಮೇಲೆ 'ಹೇಗಿತ್ತು?' ಅಂತ ಮಾತ್ರ ಕೇಳಬೇಡಿ. ಕೇಳಿದರೆ 'ತುಂಬಾ ಚೆನ್ನಾಗಿತ್ತು' ಅನ್ನೋ ಉತ್ತರ ಬರುತ್ತದೆ, ಕಾಫಿ ಕುಡಿದು ಎಲ್ಲರೂ ಮನೆಗೆ ಹೋಗುತ್ತಾರೆ. ನಿಮಗೆ ಸಿಕ್ಕಿದ್ದು ಏನೂ ಇಲ್ಲ.

ಮರ್ಯಾದೆಯ ಭಯ ಎಲ್ಲಿಂದ ಬರುತ್ತದೆ ಅಂತ ನನಗೆ ಗೊತ್ತು. ನಮ್ಮಲ್ಲಿ ನೃತ್ಯ ಅಂದರೆ ರಂಗಪ್ರವೇಶ. ವರ್ಷಗಟ್ಟಲೆ ಕಲಿತು, ಸೀರೆ, ಒಡವೆ, ಹಿಮ್ಮೇಳ, ಆಹ್ವಾನಪತ್ರಿಕೆ ಎಲ್ಲ ಸಜ್ಜಾದ ಮೇಲೆ ಜನರ ಮುಂದೆ ಬರುವುದು. ಅದಕ್ಕೆ ಮೊದಲಿನ ಬೆವರೆಲ್ಲ ಗುರುಗಳ ಮನೆಯ ಹಾಲ್‌ನಲ್ಲೇ ಇರಬೇಕು. ಇದು ತಪ್ಪಲ್ಲ. ಹೇಗಿರಬೇಕು ಅಂತ ಮೊದಲೇ ಗೊತ್ತಿರುವ ಭರತನಾಟ್ಯದ ವರ್ಣವನ್ನು ಅರ್ಧ ಕಲಿತು ತೋರಿಸಿ ಯಾರಿಗೂ ಪ್ರಯೋಜನ ಇಲ್ಲ. ನೀವು ಕಟ್ಟುತ್ತಿರುವುದಕ್ಕೆ ಅಂಥ ಮಾದರಿ ಇಲ್ಲ. ಅದು ಏನಾಗಬೇಕು ಅಂತ ನಿಮಗೇ ಇನ್ನೂ ಪೂರ್ತಿ ಗೊತ್ತಿಲ್ಲ, ಅಲ್ವಾ?

ಹಾಗಂತ ಅರ್ಧ ಆದದ್ದನ್ನು ತೋರಿಸುವುದು ಬರೀ ಹೊರಗಿನವರ ಪದ್ಧತಿ ಅಂದುಕೊಳ್ಳಬೇಡಿ. ಯಕ್ಷಗಾನ ಮೇಳದ ಹೊಸ ಪ್ರಸಂಗ ಮೊದಲ ರಾತ್ರಿ ಇದ್ದ ಹಾಗೆ ತಿರುಗಾಟದ ಕೊನೆಗೆ ಇರುವುದಿಲ್ಲ. ಆಡ್ತಾ ಆಡ್ತಾ ಕುದುರುತ್ತದೆ. ಎಲ್ಲಿ ಎಳೆದಂತಾಯಿತು, ಎಲ್ಲಿ ಜನ ಎದ್ದು ಚಹಾಕ್ಕೆ ಹೋದರು ಅನ್ನುವುದು ಭಾಗವತರಿಗೂ ಗೊತ್ತು, ವೇಷಧಾರಿಗಳಿಗೂ ಗೊತ್ತು. ಪ್ರೇಕ್ಷಕರ ಮುಂದೆ ಕೃತಿ ಬೆಳೆಸುವುದು ಅಂದರೆ ಇದೇ. 'ಇದಿನ್ನೂ ಮುಗಿದಿಲ್ಲ' ಅಂತ ಟಿಕೆಟ್ ಮೇಲೆ ಬರೆದಿರುವುದಿಲ್ಲ ಅಷ್ಟೇ.

ಮುಗಿಯದ್ದನ್ನು ಮುಗಿದಿಲ್ಲ ಅಂತ ಹೇಳಿಯೇ ತೋರಿಸುವ ಪದ್ಧತಿ ಗಟ್ಟಿಯಾಗಿ ಬೇರೂರಿದ್ದು ನ್ಯೂಯಾರ್ಕಿನಲ್ಲಿ. ನೃತ್ಯ ಸಂಯೋಜಕ ಮರ್ಸ್ ಕನಿಂಗ್‌ಹ್ಯಾಮ್ ಅವರ ಸ್ಟುಡಿಯೋದಲ್ಲಿ ರಾಬರ್ಟ್ ಡನ್ ಅನ್ನುವ ಸಂಗೀತಗಾರರು 1960ರಲ್ಲಿ ನೃತ್ಯ ಸಂಯೋಜನೆಯ ತರಗತಿ ಶುರು ಮಾಡಿದರು. ಅವರು ಸಂಗೀತ ಸಂಯೋಜಕ ಜಾನ್ ಕೇಜ್ ಹತ್ತಿರ ಕಲಿತವರು. ಪ್ರತಿ ತರಗತಿಗೂ ಎಲ್ಲರೂ ಏನಾದರೂ ಮಾಡಿಕೊಂಡು ಬಂದು ತೋರಿಸಬೇಕಿತ್ತು. ಆಮೇಲೆ ಮಾತು. ಅಲ್ಲಿ ಡನ್ 'ಚೆನ್ನಾಗಿದೆ, ಚೆನ್ನಾಗಿಲ್ಲ' ಅನ್ನುವ ಗೋಜಿಗೆ ಹೋಗುತ್ತಿರಲಿಲ್ಲ. ಇದನ್ನು ಹೇಗೆ ಕಟ್ಟಿದಿರಿ, ಯಾವ ನಿಯಮ ಹಾಕಿಕೊಂಡಿರಿ, ಆ ನಿಯಮದಿಂದ ಏನು ಹುಟ್ಟಿತು ಅನ್ನುವುದರ ಮೇಲೇ ಚರ್ಚೆ. ಇವಾನ್ ರೇನರ್, ಸ್ಟೀವ್ ಪ್ಯಾಕ್ಸ್‌ಟನ್, ತ್ರಿಶಾ ಬ್ರೌನ್, ಡೇವಿಡ್ ಗಾರ್ಡನ್, ಡೆಬೊರಾ ಹೇ, ಹೀಗೆ ಆಮೇಲೆ ದೊಡ್ಡ ಹೆಸರಾದ ಅನೇಕರು ಆ ತರಗತಿಯಲ್ಲಿದ್ದರು.

ಅವರಲ್ಲಿ ಕೆಲವರು ಊರಿನ ಪ್ರತಿಷ್ಠಿತ ವೇದಿಕೆಯೊಂದರ ಯುವ ಸಂಯೋಜಕರ ಸರಣಿಗೆ ಅರ್ಜಿ ಹಾಕಿದರು. ಆಯ್ಕೆ ಆಗಲಿಲ್ಲ. ಸರಿ, ವಾಷಿಂಗ್ಟನ್ ಸ್ಕ್ವೇರ್ ಪಕ್ಕದ ಜಡ್ಸನ್ ಚರ್ಚ್‌ಗೆ ಹೋಗಿ ಜಾಗ ಕೇಳಿದರು. ಸಿಕ್ಕಿತು. 1962ರ ಜುಲೈ 6ರ ಸುಡುಸೆಕೆಯ ಸಂಜೆ, ಎಸಿ ಇಲ್ಲದ ಆ ಹಾಲ್‌ಗೆ ಸುಮಾರು 300 ಜನ ಬಂದು ಕೂತರು. ಪ್ರವೇಶ ಉಚಿತ. ಜನ ಒಳಗೆ ಬರುವಾಗಲೇ ಒಂದು ಸಿನಿಮಾ ಓಡುತ್ತಿತ್ತು, ಅಲ್ಲಿಂದ ಗಂಟೆಗಟ್ಟಲೆ ನೃತ್ಯದ ಮೇಲೆ ನೃತ್ಯ. ತರಗತಿಯಲ್ಲಿ ಮಾಡಿದ್ದನ್ನು ಹೊರಗಿನವರ ಕಣ್ಣಿಗೆ ಒಡ್ಡಿ ನೋಡೋಣ ಅನ್ನುವ ಆಸೆಯಿಂದ ಆದದ್ದು ಇಷ್ಟೂ. ಇವತ್ತು ಅದನ್ನು ನೃತ್ಯದ ಚರಿತ್ರೆಯಲ್ಲಿ ದೊಡ್ಡ ತಿರುವು ಅಂತ ಪಾಠ ಮಾಡುತ್ತಾರೆ.

ಆ ಚರ್ಚ್‌ನಲ್ಲಿ ರೂಢಿ ಮತ್ತೆ ಚಿಗುರಿತು. ಮೂವ್‌ಮೆಂಟ್ ರಿಸರ್ಚ್ ಎಂಬ ಸಂಸ್ಥೆ 1991ರಿಂದ ಅಲ್ಲಿ ಸೋಮವಾರದ ಸಂಜೆಗಳಲ್ಲಿ ಉಚಿತ ಪ್ರದರ್ಶನ ಏರ್ಪಡಿಸುತ್ತಾ ಬಂದಿದೆ. ಭಾರೀ ಬೆಳಕಿಲ್ಲ, ಸೆಟ್ ಇಲ್ಲ, ಇನ್ನೂ ಮೊಳಕೆಯಲ್ಲಿರುವ ಕೆಲಸಗಳೇ ಜಾಸ್ತಿ. ಅಲ್ಲಿಂದ ಸ್ವಲ್ಪ ದೂರದ ಸೇಂಟ್ ಮಾರ್ಕ್ಸ್ ಚರ್ಚ್‌ನಲ್ಲಿರುವ ಡಾನ್ಸ್‌ಸ್ಪೇಸ್ ಪ್ರಾಜೆಕ್ಟ್ 'ಡ್ರಾಫ್ಟ್‌ವರ್ಕ್' ಹೆಸರಿನಲ್ಲಿ ಇಂಥದ್ದೇ ಸರಣಿ ನಡೆಸಿದೆ: ಕರಡು ನೋಡಿ, ಕೂತು ಮಾತಾಡಿ. ನಮ್ಮಲ್ಲೂ ಬೆಂಗಳೂರಿನ ನೃತ್ಯಸಂಸ್ಥೆ ಆಟಕ್ಕಳರಿಯ ಫಾಸೆಟ್ಸ್ ರೆಸಿಡೆನ್ಸಿ, ದೆಹಲಿಯ ಗತಿ ಡಾನ್ಸ್ ಫೋರಂನ ಬೇಸಿಗೆ ರೆಸಿಡೆನ್ಸಿ ಇವೆಲ್ಲ ಯುವ ಸಂಯೋಜಕರಿಗೆ ಸಮಯ, ಜಾಗ, ಹಿರಿಯರ ಕಣ್ಣು ಒದಗಿಸಿ, ಕೃತಿ ಕಟ್ಟಿಸಿ ತೋರಿಸಿದವು. 'ಶೋಯಿಂಗ್ ಇದೆ, ಬನ್ನಿ', ಅಂದರೆ ಕಟ್ಟುತ್ತಿರುವುದನ್ನು ಇದ್ದಷ್ಟು ತೋರಿಸುತ್ತೇವೆ ಬನ್ನಿ, ಅನ್ನುವ ಮಾತು ಈಗ ನಮ್ಮ ಸ್ಟುಡಿಯೋಗಳಲ್ಲೂ ಮಾಮೂಲಿ.

ಚರಿತ್ರೆ ಸಾಕು. ಶೋಯಿಂಗ್‌ನಲ್ಲಿ ನಿಜವಾಗಿ ಸಿಗುವುದು ಏನು?

ಮೊದಲನೆಯದಾಗಿ, ಸಮಯದ ಅಂದಾಜು. ರಿಹರ್ಸಲ್‌ನಲ್ಲಿ ನೀವು ಒಂದು ನಿಲುವಿನಲ್ಲಿ ಇಪ್ಪತ್ತು ಸೆಕೆಂಡ್ ನಿಂತರೆ ಅದು ಏನೂ ಅನ್ನಿಸುವುದಿಲ್ಲ. ಎದುರಿಗೆ ಇಪ್ಪತ್ತು ಜನ ಕೂತಾಗ ಅದೇ ಇಪ್ಪತ್ತು ಸೆಕೆಂಡ್ ಒಂದೋ ಉಸಿರು ಬಿಗಿಹಿಡಿಸುತ್ತದೆ, ಇಲ್ಲಾ ಕುರ್ಚಿ ಕಿರುಗುಡಿಸುತ್ತದೆ. ಯಾವುದು ಅಂತ ಕನ್ನಡಿ ಹೇಳುವುದಿಲ್ಲ, ಫೋನಿನ ವಿಡಿಯೋ ಕೂಡ ಹೇಳುವುದಿಲ್ಲ. ನೀವೇ ಕುಣಿಯುತ್ತಿದ್ದರೆ ಇದು ಮೈಗೆ ತಾನಾಗಿ ಗೊತ್ತಾಗುತ್ತದೆ. ಬೇರೆಯವರು ಕುಣಿಯುತ್ತಿದ್ದರೆ ಒಂದು ಕೆಲಸ ಮಾಡಿ: ಹಿಂದೆ ನಿಂತು ನೃತ್ಯ ನೋಡುವ ಬದಲು ಪಕ್ಕದಲ್ಲಿ ಕೂತು, ನೋಡುವವರ ಮುಖ ನೋಡಿ. ಕೆಮ್ಮು ಎಲ್ಲಿ ಬಂತು, ಕಾಲು ಬದಲಾಯಿಸಿದ್ದು ಎಲ್ಲಿ, ಎಲ್ಲರ ಕತ್ತೂ ಒಟ್ಟಿಗೆ ತಿರುಗಿದ್ದು ಯಾವಾಗ. ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆಮೇಲಿನ ಮಾತುಕತೆಗಿಂತ ಈ ಒಂದು ಪುಟ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಅಭಿಪ್ರಾಯ. ಜನ ಬಾಯಲ್ಲಿ ಸುಳ್ಳು ಹೇಳಬಹುದು, ಬೆನ್ನಲ್ಲಿ ಹೇಳುವುದು ಕಷ್ಟ.

ಇನ್ನು ಮಾತುಕತೆ. ಇಲ್ಲೇ ಬಹಳಷ್ಟು ಶೋಯಿಂಗ್‌ಗಳು ಕೆಡುವುದು. ಯಾರೋ ಒಬ್ಬರು ಎದ್ದು ತಮಗೆ ಬೇಕಾದ ಬೇರೊಂದು ನೃತ್ಯವನ್ನೇ ಹತ್ತು ನಿಮಿಷ ವಿವರಿಸುತ್ತಾರೆ. ಇನ್ನೊಬ್ಬರು 'ಕೊನೆಯಲ್ಲಿ ಒಂದು ದೀಪ ಇಟ್ಟರೆ ಚೆಂದ' ಅನ್ನುತ್ತಾರೆ. ನೀವು ಎಲ್ಲದಕ್ಕೂ ತಲೆ ಆಡಿಸಿ, ರಾತ್ರಿ ನಿದ್ದೆ ಬರದೆ ಹೊರಳಾಡುತ್ತೀರಿ.

ಇದಕ್ಕೆ ಒಂದು ದಾರಿ ಕಟ್ಟಿಕೊಟ್ಟವರು ಅಮೆರಿಕದ ನೃತ್ಯ ಸಂಯೋಜಕಿ ಲಿಜ್ ಲರ್ಮನ್. ವಾಷಿಂಗ್ಟನ್ ಡಿ.ಸಿ.ಯಲ್ಲಿ 1976ರಲ್ಲಿ ಡಾನ್ಸ್ ಎಕ್ಸ್‌ಚೇಂಜ್ ತಂಡ ಕಟ್ಟಿದವರು. ಅಭಿಪ್ರಾಯ ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅವರಿಗೆ ಹಿಂಸೆ ಅನ್ನಿಸುತ್ತಿತ್ತು. 1990ರಲ್ಲಿ ಅವರು ರೂಪಿಸಿದ ಪದ್ಧತಿಗೆ ಕ್ರಿಟಿಕಲ್ ರೆಸ್ಪಾನ್ಸ್ ಪ್ರೋಸೆಸ್ ಅಂತ ಹೆಸರು. ಕಲಾವಿದರು, ನೋಡಿದವರು, ನಡುವೆ ಮಾತು ನಡೆಸಿಕೊಡುವ ಒಬ್ಬರು, ಇಷ್ಟು ಜನ ಬೇಕು. ಮೊದಲು ನೋಡಿದವರು ತಮಗೆ ಏನು ತಾಕಿತು, ಏನು ನೆನಪಲ್ಲಿ ಉಳಿಯಿತು ಅಂತ ಹೇಳುತ್ತಾರೆ. ಆಮೇಲೆ ಕಲಾವಿದರು ತಮ್ಮ ಪ್ರಶ್ನೆ ಕೇಳುತ್ತಾರೆ, ಅದಕ್ಕಷ್ಟೇ ಉತ್ತರ. ಮೂರನೆಯ ಹಂತದಲ್ಲಿ ಪ್ರಶ್ನೆ ಕೇಳುವ ಸರದಿ ನೋಡಿದವರದು. ಆದರೆ ಪ್ರಶ್ನೆಯೊಳಗೆ ಅಭಿಪ್ರಾಯ ಅಡಗಿರಬಾರದು. ಕೊನೆಗೆ ಅಭಿಪ್ರಾಯ, ಅದೂ ಅನುಮತಿ ಕೇಳಿಕೊಂಡು.

ಆ ಮೂರನೆಯ ಹಂತ ಓದುವಾಗ ಸುಲಭ ಅನ್ನಿಸುತ್ತದೆ. ಕೂತು ಮಾಡಿ ನೋಡಿ. ನಿಮ್ಮ ನೃತ್ಯದಲ್ಲಿ ಒಬ್ಬರು ಗೋಡೆಯಿಂದ ಗೋಡೆಗೆ ಸುಮ್ನೆ ನಡೆಯುತ್ತಾರೆ ಅಂದುಕೊಳ್ಳೋಣ, ಮೂರು ನಿಮಿಷ. ನೋಡಿದವರ ಬಾಯಿಗೆ ಮೊದಲು ಬರುವುದು 'ನಡಿಗೆ ಯಾಕೆ ಅಷ್ಟು ಉದ್ದ?' ಅಂತ. ಇದು ಪ್ರಶ್ನೆಯ ವೇಷ ಹಾಕಿದ ದೂರು. ತಕ್ಷಣ ನೀವು ಸಮರ್ಥನೆಗೆ ಇಳಿಯುತ್ತೀರಿ. ನಡೆಸಿಕೊಡುವವರು ಅವರನ್ನು ತಡೆದು ಬೇರೆ ಥರ ಕೇಳಲು ಹೇಳಬೇಕು. 'ಆ ನಡಿಗೆ ಎಷ್ಟು ಹೊತ್ತು ಇರಬೇಕು ಅನ್ನುವುದನ್ನು ಹೇಗೆ ತೀರ್ಮಾನಿಸಿದಿರಿ?' ಈಗ ನೀವು ಯೋಚಿಸುತ್ತೀರಿ. ಬಹುಶಃ ಉತ್ತರ ಹೀಗಿರುತ್ತದೆ: 'ನಿಜ ಹೇಳಬೇಕೆಂದರೆ ತೀರ್ಮಾನಿಸಿಲ್ಲ, ಹಾಡು ಅಷ್ಟು ಉದ್ದ ಇತ್ತು.' ಬಂತಲ್ಲ! ಈ ಮಾತು ನಿಮ್ಮ ಬಾಯಿಂದಲೇ ಹೊರಡಬೇಕಿತ್ತು. ಯಾರೂ ನಿಮಗೆ ಕತ್ತರಿಸು ಅಂತ ಹೇಳಲಿಲ್ಲ. ನಾಳೆ ಸ್ಟುಡಿಯೋಗೆ ಹೋಗಿ ಏನು ಮಾಡಬೇಕು ಅಂತ ನಿಮಗೆ ಗೊತ್ತು.

ಕೊನೆಯ ಹಂತವೂ ಹೊರಗಿನಿಂದ ಸ್ವಲ್ಪ ನಾಟಕ ಅನ್ನಿಸುತ್ತದೆ. 'ವೇಷಭೂಷಣದ ಬಗ್ಗೆ ನನಗೊಂದು ಅಭಿಪ್ರಾಯ ಇದೆ, ಕೇಳ್ತೀರಾ?' ಬೇಡ ಅನ್ನುವ ಹಕ್ಕು ನಿಮಗಿದೆ. ಮೈಮೇಲೆ ಸದ್ಯಕ್ಕೆ ಪ್ರಾಕ್ಟೀಸ್ ಬಟ್ಟೆಯೇ ಇದ್ದರೆ 'ಬೇಡ' ಅನ್ನಿ. ನಮ್ಮಲ್ಲಿ ಹಿರಿಯರಿಗೆ ಬೇಡ ಅನ್ನುವುದು ಕಷ್ಟ ಅಂತ ನನಗೂ ಗೊತ್ತು. ಅದಕ್ಕೇ ನಡೆಸಿಕೊಡುವವರು ನಿಮ್ಮ ಗುರುಗಳೂ ಆಗಿರಬಾರದು, ಆಪ್ತ ಗೆಳೆಯರೂ ಆಗಿರಬಾರದು. ರಂಗಭೂಮಿಯ ಯಾರಾದರೂ ಸಿಕ್ಕರೆ ಒಳ್ಳೆಯದು.

ಇದಕ್ಕೆ ತದ್ವಿರುದ್ಧ ದಾರಿಯೂ ಇದೆ. ನ್ಯೂಯಾರ್ಕಿನಲ್ಲಿ 1986ರಲ್ಲಿ ಶುರುವಾದ ದ ಫೀಲ್ಡ್ ಸಂಸ್ಥೆಯ 'ಫೀಲ್ಡ್‌ವರ್ಕ್' ಕೂಟಗಳಲ್ಲಿ ಕಲಾವಿದರು ಮೊದಲೇ ಏನನ್ನೂ ವಿವರಿಸುವ ಹಾಗಿಲ್ಲ. 'ಇನ್ನೂ ಸರಿಯಾಗಿಲ್ಲ', 'ಇಲ್ಲಿ ಬೆಳಕು ಬರುತ್ತೆ' ಅನ್ನುವ ಪೀಠಿಕೆಗಳಿಗೆ ಜಾಗ ಇಲ್ಲ. ನೋಡಿದವರು ತಾವು ಕಂಡದ್ದನ್ನು ಹೇಳಬೇಕು, ಹೀಗೆ ಮಾಡಿ ಹಾಗೆ ಮಾಡಿ ಅಂತ ನಿರ್ದೇಶನ ಕೊಡಬಾರದು. ಆಮ್‌ಸ್ಟರ್‌ಡ್ಯಾಮ್‌ನ ರಂಗಶಾಲೆ ದಾಸ್‌ಆರ್ಟ್ಸ್ ರೂಪಿಸಿದ ಪದ್ಧತಿಯಲ್ಲಂತೂ 'ಗಾಸಿಪ್' ಅಂತಲೇ ಒಂದು ಸುತ್ತು ಇದೆ. ಕಲಾವಿದರು ಅಲ್ಲೇ ಕೂತಿರುತ್ತಾರೆ, ಉಳಿದವರು ಅವರು ಇಲ್ಲವೇನೋ ಅನ್ನುವ ಹಾಗೆ ಕೃತಿಯ ಬಗ್ಗೆ ಹರಟೆ ಹೊಡೆಯುತ್ತಾರೆ. ನಮ್ಮಲ್ಲಿ ಇದು ಶೋ ಮುಗಿದ ಮೇಲೆ ಕ್ಯಾಂಟೀನ್ ಮುಂದೆ ತಾನಾಗಿ ನಡೆಯುತ್ತದೆ, ಕಲಾವಿದರಿಗೆ ಕೇಳಿಸುವುದಿಲ್ಲ ಅಷ್ಟೇ.

ಯಾವುದು ನಿಮಗೆ? ನಿಮ್ಮ ಹತ್ತಿರ ಪ್ರಶ್ನೆ ಇದ್ದರೆ ಲರ್ಮನ್ ದಾರಿ. ಪ್ರಶ್ನೆಯೇ ಇನ್ನೂ ಸಿಕ್ಕಿಲ್ಲ ಅಂದರೆ ಬಾಯಿ ಮುಚ್ಚಿ ಕೇಳಿಸಿಕೊಳ್ಳುವ ಫೀಲ್ಡ್‌ವರ್ಕ್ ದಾರಿ. ಪ್ರಶ್ನೆ ಇದ್ದರೆ ಅದು ಚಿಕ್ಕದಿರಲಿ. 'ಅರ್ಥ ಆಯ್ತಾ?' ಬೇಡ. 'ಇಬ್ಬರು ನರ್ತಕಿಯರ ನಡುವಿನ ಸಂಬಂಧ ಏನು ಅನ್ನಿಸಿತು?', 'ಸಂಗೀತ ನಿಂತ ಮೇಲೆ ಏನು ಕೇಳಿಸಿತು?' ಇಂಥವು ಸಾಕು.

ಎಷ್ಟು ಆದಾಗ ತೋರಿಸಬೇಕು ಅನ್ನುವುದಕ್ಕೆ ನನ್ನ ಉತ್ತರ: ನಿಮಗೆ ಸರಿ ಅನ್ನಿಸುವುದಕ್ಕಿಂತ ಸ್ವಲ್ಪ ಮೊದಲೇ. ತೀರಾ ತಡವಾದರೆ ಕೃತಿ ಗಟ್ಟಿಯಾಗಿ ಹೋಗಿರುತ್ತದೆ, ಯಾರು ಏನು ಹೇಳಿದರೂ ಬದಲಿಸಲು ಕೈ ಬರುವುದಿಲ್ಲ. ನ್ಯೂಯಾರ್ಕಿನ ಗುಗ್ಗೆನ್‌ಹೈಮ್ ಮ್ಯೂಸಿಯಂನ 'ವರ್ಕ್ಸ್ ಅಂಡ್ ಪ್ರೋಸೆಸ್' ಸರಣಿಯಲ್ಲಿ ಎಷ್ಟೋ ಸಲ ಪ್ರೀಮಿಯರ್‌ಗೆ ಹತ್ತಿರವಾದ ಕೃತಿಗಳ ತುಣುಕು ತೋರಿಸಿ ಕಲಾವಿದರ ಜೊತೆ ಮಾತಾಡಿಸುತ್ತಾರೆ. ಚೆನ್ನಾಗಿಯೇ ಇರುತ್ತದೆ, ಆದರೆ ಅದರ ಲಾಭ ಜಾಸ್ತಿ ನೋಡುವವರಿಗೆ. ನಿಮಗೆ ಬೇಕಾದ್ದು ಅದಲ್ಲ.

ತೀರಾ ಧೈರ್ಯ ಇದ್ದರೆ ರಿಹರ್ಸಲ್ಲನ್ನೇ ತೋರಿಸಬಹುದು. ಇವಾನ್ ರೇನರ್ ಮಾಡಿದ್ದು ಇದನ್ನೇ. 1966ರ ಜನವರಿಯಲ್ಲಿ ಜಡ್ಸನ್ ಚರ್ಚ್‌ನಲ್ಲಿ ಅವರು, ಪ್ಯಾಕ್ಸ್‌ಟನ್, ಗಾರ್ಡನ್ ಮೂವರೂ ಸೇರಿ ನಾಲ್ಕೂವರೆ ನಿಮಿಷದಷ್ಟು ಚಿಕ್ಕ ನೃತ್ಯವೊಂದನ್ನು ತೋರಿಸಿದರು. ಈಗ ಅದು 'ಟ್ರಯೋ ಎ' ಅಂತ ಜಗತ್ತಿಗೇ ಗೊತ್ತು. ಅವತ್ತು ಅದು ಮುಂದೆ ಬರಬೇಕಿದ್ದ ದೊಡ್ಡ ಕೃತಿಯ ಮೊದಲ ಭಾಗ ಮಾತ್ರ. ಆ ಕೃತಿ ಪೂರ್ತಿ ಸಂಜೆಯ ಪ್ರದರ್ಶನವಾಗಿ ಬಂದದ್ದು 1968ರಲ್ಲಿ. ಮುಂದಿನ ವರ್ಷ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 'ಕಂಟಿನ್ಯೂಯಸ್ ಪ್ರಾಜೆಕ್ಟ್, ಆಲ್ಟರ್ಡ್ ಡೈಲಿ' ಅನ್ನುವ ಕೃತಿಯಲ್ಲಿ ನರ್ತಕರು ವೇದಿಕೆಯ ಮೇಲೇ ಒಬ್ಬರಿಗೊಬ್ಬರು ಚಲನೆ ಕಲಿಸುತ್ತಿದ್ದರು, ದಿಂಬು ಪೆಟ್ಟಿಗೆ ಹಿಡಿದು ಓಡಾಡುತ್ತಿದ್ದರು, ಮರೆತದ್ದನ್ನು ನೆನಪಿಸಿಕೊಳ್ಳುತ್ತಿದ್ದರು, ಪೂರ್ತಿ ಶಕ್ತಿ ಹಾಕದೆ ಸುಮ್ನೆ ಮಾರ್ಕ್ ಮಾಡುತ್ತಿದ್ದರು. 1970ರಲ್ಲಿ ವಿಟ್ನಿ ಮ್ಯೂಸಿಯಂನಲ್ಲೂ ಅದನ್ನು ಆಡಿದರು. ಆ ಹೊತ್ತಿಗೆ ನರ್ತಕರು ತಮ್ಮದನ್ನೂ ಸೇರಿಸತೊಡಗಿದ್ದರು. ಸಂಯೋಜಕಿಯ ಹಿಡಿತ ಸಡಿಲವಾಗುತ್ತಾ ಹೋಗಿ, ಕಡೆಗೆ ಆ ಗುಂಪು ಗ್ರ್ಯಾಂಡ್ ಯೂನಿಯನ್ ಅನ್ನುವ ಆಶುನೃತ್ಯದ ತಂಡವೇ ಆಯಿತು. ಕದ ತೆರೆದರೆ ಯಾರು ಒಳಗೆ ಬರುತ್ತಾರೋ ಹೇಳಲಾಗದು, ಅದನ್ನೂ ಲೆಕ್ಕಕ್ಕೆ ಇಟ್ಟುಕೊಂಡಿರಿ.

ಅಪಾಯಗಳೂ ಇವೆ. ಕಾರ್ಯಕ್ರಮ ಆಯ್ಕೆ ಮಾಡುವವರನ್ನೂ ಅನುದಾನ ಕೊಡುವವರನ್ನೂ ಶೋಯಿಂಗ್‌ಗೆ ಕರೆದಿರಿ ಅಂದರೆ ಅದು ಶೋಯಿಂಗ್ ಆಗಿ ಉಳಿಯುವುದಿಲ್ಲ, ಆಡಿಷನ್ ಆಗುತ್ತದೆ. ನೀವು ಗೊತ್ತಿಲ್ಲದೇ ಚೆನ್ನಾಗಿರುವ ಭಾಗವನ್ನಷ್ಟೇ ತೋರಿಸುತ್ತೀರಿ, ಸಿಕ್ಕು ಬಿದ್ದ ಭಾಗವನ್ನು ಮುಚ್ಚಿಡುತ್ತೀರಿ. ಅವರನ್ನು ಇನ್ನೊಂದು ದಿನ ಕರೆಯಿರಿ. ಫೋನು ಬ್ಯಾಗಿನಲ್ಲೇ ಇರಲಿ ಅಂತ ಬಾಗಿಲಲ್ಲೇ ಹೇಳಿಬಿಡಿ. ಮೂವತ್ತು ಸೆಕೆಂಡ್‌ನ ರೀಲ್ ಒಂದು ಸಲ ಹೊರಗೆ ಹೋದರೆ ನಿಮ್ಮ ಕರಡೇ ನಿಮ್ಮ ಕೃತಿ ಅಂತ ಜನ ನಂಬುತ್ತಾರೆ. ಟಿಕೆಟ್ ಬೇಡ. ಹದಿನೈದು ಇಪ್ಪತ್ತು ಜನ ಸಾಕು, ಅದರಲ್ಲಿ ಕಾಲು ಭಾಗವಾದರೂ ನೃತ್ಯದ ಗಂಧ ಗಾಳಿ ಇಲ್ಲದವರು ಇರಲಿ. ಹಾಲ್ ಬಾಡಿಗೆಗೆ ದುಡ್ಡು ಸುರಿಯಬೇಡಿ, ನೀವು ಅಭ್ಯಾಸ ಮಾಡುವ ಜಾಗವೇ ಆಗುತ್ತದೆ.

ಇನ್ನೊಂದು ಉಪಾಯ ನಮ್ಮ ಹೆಗ್ಗೋಡಿನದು. ನೀನಾಸಂ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನಾಟಕ ನೋಡಿದವರು ಮಾರನೆ ದಿನ ಕೂತು ಅದರ ಬಗ್ಗೆ ಮಾತಾಡುತ್ತಾರೆ. ನಡುವೆ ಒಂದು ನಿದ್ದೆ ಆಗಿರುತ್ತದೆ. ನೀವೂ ಬಂದವರ ನಂಬರ್ ಇಟ್ಟುಕೊಂಡು ಮರುದಿನ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಒಂದೇ ಪ್ರಶ್ನೆ ಕಳಿಸಿ: 'ಈಗ ಏನು ನೆನಪಿದೆ?' ವಾಯ್ಸ್ ಮೆಸೇಜ್ ಆದರೂ ಪರವಾಗಿಲ್ಲ. ಎಂಟು ಜನ ಒಂದೇ ಚಿತ್ರ ಹೇಳಿದರೆ ಅದನ್ನು ಮುಟ್ಟಬೇಡಿ. ನೀವು ಒಂದು ತಿಂಗಳು ತಿದ್ದಿದ ಭಾಗವನ್ನು ಒಬ್ಬರೂ ಹೇಳದಿದ್ದರೆ, ಅದು ಇರಬೇಕಾ ಅಂತ ಯೋಚಿಸಿ. ಆದರೆ ಒಂದು ವಾರ ಏನನ್ನೂ ಬದಲಿಸಬೇಡಿ. ಅಷ್ಟರಲ್ಲಿ ಬೇಡದ ಮಾತುಗಳು ತಾವಾಗಿ ಮರೆತುಹೋಗಿರುತ್ತವೆ. ಆಮೇಲೂ ಕಾಡುವ ಎರಡು ಮೂರನ್ನು ಹಿಡಿದು ಕೆಲಸ ಮಾಡಿ. ಮುಂದಿನ ಶೋಯಿಂಗ್‌ಗೆ ಅದೇ ಜನರಲ್ಲಿ ಅರ್ಧದಷ್ಟು ಮಂದಿಯನ್ನು ಕರೆಯಿರಿ, ಇನ್ನರ್ಧ ಹೊಸಬರು ಇರಲಿ.