ದಿನ ತುಂಬುವ ಮುನ್ನ ಹೆರಿಗೆ: ಮೊದಲ ಬಸಿರು ಯಾವ ಲೆಕ್ಕಕ್ಕೂ ಸಿಗಲಿಲ್ಲ

1969ರಲ್ಲಿ ಫ್ರಾನ್ಸಿನ ಡಾಕ್ಟರ್ ಎಮಿಲ್ ಪಾಪಿಯೆರ್ನಿಕ್ ಬಸುರಿಯರಿಗೆ ಅಂಕ ಹಾಕಲು ಶುರು ಮಾಡಿದರು. ಲಿಫ್ಟ್ ಇಲ್ಲದ ಮನೆಗೆ ಮೂರು ಮಹಡಿ ಹತ್ತಬೇಕಾ? ಅದಕ್ಕಿಷ್ಟು. ದಣಿಸುವ ದೂರದ ಪ್ರಯಾಣವಾ? ಅದಕ್ಕಿಷ್ಟು. ಒಟ್ಟು ಜಾಸ್ತಿಯಾದರೆ 37 ವಾರ ತುಂಬುವ ಮೊದಲೇ ನೋವು ಬರಬಹುದು ಅಂತ ಎಚ್ಚರಿಕೆ.

1980ರಲ್ಲಿ ಕ್ರೀಸಿ ಮತ್ತು ಜೊತೆಗಾರರು ಇದನ್ನೇ ತಿದ್ದಿ ಬೆಳೆಸಿದರು. ಹತ್ತು ಅಂಕ ಬಂದರೆ ಅಪಾಯ. ಹಿಂದಿನ ಹೆರಿಗೆ ಬೇಗ ಆಗಿದ್ದರೆ ಅದೊಂದಕ್ಕೇ ಪೂರ್ತಿ ಹತ್ತು. ಇವತ್ತಿಗೂ ಅದಕ್ಕಿಂತ ಗಟ್ಟಿ ಸುಳಿವುಗಳು ಕಮ್ಮಿಯೇ. ಆದರೆ ಮೊದಲ ಸಲ ಬಸುರಿಯಾದವಳಿಗೆ ‘ಹಿಂದಿನ ಹೆರಿಗೆ’ ಎಲ್ಲಿಂದ ಬರಬೇಕು, ಅಲ್ವಾ?

ಇನ್ನೊಂದು ದಾರಿ ಗರ್ಭಕೋಶದ ಕೊರಳಿನ ಕಡೆಯದು. ಬಾಲ್ಯದಲ್ಲಿ ಹುಬ್ಬಳ್ಳಿಯಲ್ಲಿ ಓದಿದ್ದ, ಗೋವಾ ಮೂಲದ ಡಾ. ವಿ. ಎನ್. ಶಿರೋಡ್ಕರ್ 1955ರಲ್ಲೇ ಮುಂಬೈಯಿಂದ ಒಂದು ಉಪಾಯ ಪ್ರಕಟಿಸಿದ್ದರು. ಬಸುರಿಯ ತೊಡೆಯಿಂದಲೇ ಗಟ್ಟಿ ಅಂಗಾಂಶದ ಪಟ್ಟಿ ತೆಗೆದು, ಅವಧಿಗೆ ಮೊದಲೇ ಸಡಿಲವಾಗುವ ಕೊರಳಿನ ಸುತ್ತ ಬಿಗಿಯುವುದು. ಈಗ ‘ಸ್ಟಿಚ್ ಹಾಕಿದಾರೆ’ ಅನ್ನುತ್ತೇವಲ್ಲ, ಅದರ ಮೂಲ ಇದು. ಯಾರಿಗೆ ಹಾಕಬೇಕು ಅನ್ನೋದೇ ಪ್ರಶ್ನೆ. ಆಗ ಬೆರಳಿನಿಂದ ಮುಟ್ಟಿ ಅಂದಾಜು ಮಾಡುವುದೇ ಇದ್ದದ್ದು.

ಅಂದಾಜಿನ ಜಾಗಕ್ಕೆ ಅಳತೆ ತಂದದ್ದು ಯೋನಿಯೊಳಗೆ ಪ್ರೋಬ್ ಇಟ್ಟು ಮಾಡುವ ಸ್ಕ್ಯಾನ್. ಮೂತ್ರ ಮಾಡಿ ಬಂದು ಮಲಗಬೇಕು. ಮೂತ್ರಕೋಶ ತುಂಬಿದ್ದರೆ ಕೊರಳು ಇದ್ದದ್ದಕ್ಕಿಂತ ಉದ್ದ ಕಾಣುತ್ತದೆ. ಪ್ರೋಬನ್ನು ಒತ್ತಿ ಹಿಡಿದರೂ ಅದೇ ಮೋಸ. 1996ರಲ್ಲಿ ಅಮೆರಿಕದ ಐಯಾಮ್ಸ್ ತಂಡ 24ನೇ ವಾರದ 2,915 ಬಸುರಿಯರನ್ನು ಹೀಗೆ ಅಳೆಯಿತು. ಸರಾಸರಿ 35 ಮಿ.ಮೀ. ಉದ್ದ ಕಡಿಮೆಯಾದಷ್ಟೂ ಬೇಗ ಹೆರುವ ಅಪಾಯ ಜಾಸ್ತಿ. 25 ಮಿ.ಮೀ. ಅನ್ನುವ ಗಡಿ ಮುಂದೆ ರೂಢಿಗೆ ಬಂತು. ಹಾಗಂತ ಗಿಡ್ಡ ಕೊರಳಿನವರೆಲ್ಲ ಬೇಗ ಹೆರಲಿಲ್ಲ. ಉದ್ದ ಇದ್ದವರಲ್ಲೂ ಕೆಲವರು ಬೇಗ ಹೆತ್ತರು.

1991ರಲ್ಲಿ ಬಂದ, ಯೋನಿಯ ಸ್ರಾವದಲ್ಲಿ ಫೈಬ್ರೊನೆಕ್ಟಿನ್ ಅನ್ನುವ ಪ್ರೋಟೀನ್ ಇದೆಯಾ ಅಂತ ನೋಡುವ ಪರೀಕ್ಷೆಯ ಹಣೆಬರಹವೂ ಹೀಗೇ. ನೆಗೆಟಿವ್ ಬಂದರೆ ಮುಂದಿನ ವಾರ ಹೆರಿಗೆಯಾಗುವ ಸಾಧ್ಯತೆ ತೀರಾ ಕಡಿಮೆ, ನಿರಾಳವಾಗಿ ಮನೆಗೆ ಹೋಗಬಹುದು. ಪಾಸಿಟಿವ್ ಬಂದರೆ? ಖಚಿತವಾಗಿ ಏನೂ ಹೇಳೋಕಾಗಲ್ಲ.

ಇದರಲ್ಲಿ ಅಚ್ಚರಿಯೇನಿಲ್ಲ. ಬೇಗ ಹೆರಿಗೆಗೆ ಕಾರಣ ಒಂದೇ ಅಲ್ಲ. ಅವಳಿ ಮಕ್ಕಳು, ಸೋಂಕು, ನೀರು ಒಡೆಯುವುದು, ಬಿಪಿ ಏರಿ ಡಾಕ್ಟರೇ ಹೆರಿಗೆ ಮಾಡಿಸುವುದು, ಎಲ್ಲವೂ ಒಂದೇ ಹೆಸರಿನಡಿ ಬರುತ್ತವೆ. ಒಂದು ಪರೀಕ್ಷೆ ಎಷ್ಟಂತ ಹೇಳೀತು? ಹಿಂದೆ ಬೇಗ ಹೆತ್ತವರಿಗೆ, ಅಂದರೆ ಹತ್ತು ಅಂಕದವರಿಗೇ, ಬೇಗ ಹೆರಿಗೆ ತಡೆಯಲೆಂದು ಅಮೆರಿಕ 2011ರಲ್ಲಿ ಒಪ್ಪಿದ್ದ ಮಕೇನಾ ಎಂಬ ಹಾರ್ಮೋನ್ ಇಂಜೆಕ್ಷನ್ ಕೂಡ ದೊಡ್ಡ ಪ್ರಯೋಗದಲ್ಲಿ ಸೋತು, 2023ರಲ್ಲಿ ಒಪ್ಪಿಗೆ ಕಳೆದುಕೊಂಡಿತು.

ನನಗೆ ಹಿಡಿಸಿದ್ದು ಬೆಳಗಾವಿಯೂ ಸೇರಿ ಆರು ದೇಶಗಳಲ್ಲಿ ನಡೆದ ಪ್ರಯೋಗ. ಫಲಿತಾಂಶ ಬಂದದ್ದು 2020ರಲ್ಲಿ. ಅಪಾಯ ಯಾರಿಗೆ ಅಂತ ಹುಡುಕುತ್ತಾ ಕೂರಲೇ ಇಲ್ಲ ಅವರು. ಮೊದಲ ಬಸಿರಿನವರನ್ನೇ ತೆಗೆದುಕೊಂಡು, ಚೀಟಿ ಎತ್ತಿದ ಹಾಗೆ ಅರ್ಧದಷ್ಟು ಜನಕ್ಕೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಬೇಗ ಹೆರಿಗೆ ಶೇ. 13.1ರಿಂದ ಶೇ. 11.6ಕ್ಕೆ ಇಳಿಯಿತು. ಪವಾಡವಲ್ಲ, ಆದರೆ ಮಾತ್ರೆ ಅಗ್ಗದ್ದು. ಸುಮ್ನೆ ಅಂಗಡಿಯಿಂದ ತಂದು ನುಂಗುವಂಥದ್ದಲ್ಲ, ಡಾಕ್ಟರ್ ಹೇಳಬೇಕು. ಪ್ರಯೋಗದಲ್ಲಿ ಇದನ್ನು ಶುರು ಮಾಡಿದ್ದು 6ನೇ ವಾರದಿಂದ 14ನೇ ವಾರ ಮುಟ್ಟುವುದರೊಳಗೆ. ಐದನೇ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸಲು ಬರುವವಳಿಗೆ ಆ ಹೊತ್ತು ದಾಟಿರುತ್ತದೆ.