ಕೈಗೆ ಸಿಗದ ಗಂಟು: ಬಾಯಿ ಕ್ಯಾನ್ಸರ್‌ನಲ್ಲಿ ಕತ್ತಿನ ಪ್ರಶ್ನೆ

ಕಲಬುರಗಿಯಲ್ಲಿ ವೈದ್ಯಕೀಯ ಓದುವ ನಮಗೆ ಈ ರೋಗಿ ಹೊಸಬರಲ್ಲ. ಗಲ್ಲದ ಒಳಗೆ ವಾಸಿಯಾಗದ ಹುಣ್ಣು, ಎರಡು ಬೆರಳಷ್ಟೂ ತೆರೆಯದ ಬಾಯಿ, ವರ್ಷಗಟ್ಟಲೆ ತಂಬಾಕು-ಸುಣ್ಣ ಇಲ್ಲವೇ ಗುಟ್ಕಾ ಇಟ್ಟುಕೊಂಡ ಕತೆ. ರಾಜ್ಯದಲ್ಲಿ ಗುಟ್ಕಾ ನಿಷೇಧವಾಗಿದ್ದು 2013ರಲ್ಲಿ. ಈಗ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್. ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಈಗ ಪ್ರಶ್ನೆಗೆ ಬರೋಣ. ಹುಣ್ಣು ಚಿಕ್ಕದು, 4 ಸೆಂ.ಮೀ. ಒಳಗೆ. ಕತ್ತು ಮುಟ್ಟಿ ನೋಡಿದಿರಿ, ಒಂದು ಗಂಟೂ ಸಿಗಲಿಲ್ಲ. ಇದನ್ನೇ ನಾವು ಎನ್-0 ಕತ್ತು ಎಂದು ಬರೆಯುತ್ತೇವೆ. ಬಾಯಿಯ ಗಡ್ಡೆಯನ್ನಂತೂ ತೆಗೆಯಲೇಬೇಕು. ಕತ್ತನ್ನು ಏನು ಮಾಡುವುದು?

ಬಾಯಿಯಿಂದ ಹೊರಟ ಕ್ಯಾನ್ಸರ್ ಕೋಶಗಳು ಮೊದಲು ಸೇರುವುದು ಕತ್ತಿನ ಲಿಂಫ್ ಗ್ರಂಥಿಗಳನ್ನು. ಅಲ್ಲಿ ಕೆಲವೇ ಕೋಶಗಳು ಕೂತಿದ್ದರೆ ಬೆರಳಿಗೆ ಗೊತ್ತಾಗುವುದಿಲ್ಲ, ಸ್ಕ್ಯಾನ್‌ಗೂ ತಪ್ಪಿಸಿಕೊಳ್ಳಬಹುದು. ಅದಕ್ಕೇ ಸರ್ಜನ್‌ಗಳಲ್ಲಿ ದಶಕಗಟ್ಟಲೆ ಎರಡು ಮಾತು. ಗಡ್ಡೆಯ ಜೊತೆಗೇ ಗ್ರಂಥಿಗಳನ್ನೂ ತೆಗೆದುಬಿಡಿ ಅನ್ನುವವರು ಕೆಲವರು. ಸುಮ್ನೆ ಯಾಕೆ ಕತ್ತು ಕೊಯ್ಯಬೇಕು, ಗಂಟು ಕಾಣಿಸಿಕೊಂಡಾಗ ತೆಗೆದರಾಯಿತು ಅನ್ನುವವರು ಇನ್ನು ಕೆಲವರು.

ಈ ಜಗಳಕ್ಕೆ ಗಟ್ಟಿ ಉತ್ತರ ಕೊಟ್ಟಿದ್ದು ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆ. ಡಾ. ಅನಿಲ್ ಡಿಕ್ರೂಜ್ ಮತ್ತು ಅವರ ತಂಡ 2004ರಿಂದ 2014ರವರೆಗೆ ರೋಗಿಗಳನ್ನು ಸೇರಿಸಿಕೊಂಡು, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಿತು. ಫಲಿತಾಂಶ 2015ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಮೊದಲ 500 ಜನರ ಲೆಕ್ಕ ಹೀಗಿದೆ: ಮೊದಲೇ ಕತ್ತಿನ ಆಪರೇಷನ್ ಆದವರಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ನೂರಕ್ಕೆ 80. ಕಾದು ನೋಡಿದ ಗುಂಪಿನಲ್ಲಿ 67.5. ರೋಗ ಮರಳದೆ ಬದುಕಿದವರು 69.5 ಮತ್ತು 45.9.

ವ್ಯತ್ಯಾಸ ನೂರಕ್ಕೆ 12.5. ಅಂದರೆ ಎಂಟು ಜನರಿಗೆ ಮೊದಲೇ ಕತ್ತಿನ ಆಪರೇಷನ್ ಮಾಡಿದರೆ ಮೂರು ವರ್ಷದೊಳಗಿನ ಒಂದು ಸಾವು ತಪ್ಪುತ್ತದೆ. ನಾನು ಈ ಲೆಕ್ಕ ಹಾಕಿದ ಮೇಲೆ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಹೊಸ ಔಷಧಿ ಇಲ್ಲ, ದುಬಾರಿ ಯಂತ್ರ ಇಲ್ಲ. ಮೊದಲಿಂದಲೂ ಗೊತ್ತಿದ್ದ ಆಪರೇಷನ್ನೇ, ಯಾವಾಗ ಮಾಡಬೇಕು ಅನ್ನುವುದಷ್ಟೇ ಬದಲಾಗಿದ್ದು.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಜಾಸ್ತಿ ಜನ ಎಡವುವುದು ಒಂದು ಕಡೆ. ಎರಡನೇ ಗುಂಪಿಗೆ ಆಪರೇಷನ್ನೇ ಆಗಲಿಲ್ಲ ಎಂದುಬಿಡುತ್ತಾರೆ. ಹಾಗಲ್ಲ. ಬಾಯಿಯ ಗಡ್ಡೆಯನ್ನು ಇಬ್ಬರಿಗೂ ತೆಗೆದರು. ಎರಡನೇ ಗುಂಪಿನವರಿಗೆ ಗಂಟು ಬಂದ ಮೇಲೆ ಕತ್ತಿನ ಆಪರೇಷನ್ ಕೂಡ ಆಯಿತು. ಕತ್ತಿನ ಗ್ರಂಥಿಗಳನ್ನು ಇರುವ ಜಾಗದ ಪ್ರಕಾರ ಲೆವೆಲ್‌ಗಳಾಗಿ ವಿಂಗಡಿಸುತ್ತೇವೆ. ಮೊದಲೇ ಮಾಡಿದಾಗ ಲೆವೆಲ್ 1ರಿಂದ 3ರ ಗ್ರಂಥಿಗಳನ್ನು ತೆಗೆದರೆ ಸಾಕಾಗಿತ್ತು, ಗಂಟು ಬಂದ ಮೇಲೆ 1ರಿಂದ 5ರವರೆಗೂ ಹೋಗಬೇಕಾಯಿತು.

ಇಲ್ಲಿ ನಮ್ಮ ಕಡೆಯ ಮಾತು ಸೇರಿಸುತ್ತೇನೆ, ಇದು ನನ್ನ ಅಭಿಪ್ರಾಯ. ಕಾದು ನೋಡಬೇಕಾದರೆ ರೋಗಿ ತಪ್ಪದೆ ತಿರುಗಿ ಬರಬೇಕು, ಅಲ್ವಾ? ಆಳಂದ, ಅಫಜಲಪುರ, ಶಹಾಪುರದ ಹಳ್ಳಿಗಳಿಂದ ಬರುವವರಿಗೆ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಖರ್ಚು ಬೇರೆ. ತೊಗರಿ ರಾಶಿಯ ಹೊತ್ತಿನಲ್ಲಿ ಯಾರು ಬರುತ್ತಾರೆ? ನೋವಿಲ್ಲದ ಗಂಟಿಗಾಗಿ ಮನೆಯವರೂ ಒತ್ತಾಯ ಮಾಡುವುದಿಲ್ಲ. ಪ್ರಯೋಗದಲ್ಲಿ ಕರೆದು ಕರೆದು ನೋಡಿದವರಲ್ಲೇ ಇಷ್ಟು ವ್ಯತ್ಯಾಸ ಕಂಡಿದೆ. ತಿರುಗಿ ಬಾರದವರ ಪಾಡೇನು?

ಮೊದಲೇ ಮಾಡುವುದಕ್ಕೂ ಬೆಲೆ ಇದೆ. ತೊಂದರೆಗಳು ಮೊದಲ ಗುಂಪಿನಲ್ಲಿ ನೂರಕ್ಕೆ 6.6, ಎರಡನೆಯದರಲ್ಲಿ 3.6. ಲೆವೆಲ್ 2ರಲ್ಲಿ ಹಾದುಹೋಗುವ ಸ್ಪೈನಲ್ ಅಕ್ಸೆಸರಿ ನರಕ್ಕೆ ಪೆಟ್ಟಾದರೆ ಭುಜ ಜೋತುಬೀಳುತ್ತದೆ, ತೋಳು ಮೇಲೆತ್ತಲು ಆಗುವುದಿಲ್ಲ. ಚೀಲ ಹೊತ್ತು ಬದುಕುವ ಹಮಾಲರಿಗೆ ಅದು ಹೊಟ್ಟೆಪಾಡಿನ ವಿಷಯ. ಹಾಗಾಗಿ ಸಹಿ ಹಾಕಿಸುವ ಮುಂಚೆ ಭುಜದ ಮಾತನ್ನು ಅವರ ಭಾಷೆಯಲ್ಲೇ ಹೇಳಿ. ಆಪರೇಷನ್ ಆದ ಮೇಲೆ ಫಿಸಿಯೋಥೆರಪಿಗೆ ಬರೆದುಕೊಡುವುದನ್ನೂ ಮರೆಯಬೇಡಿ.

ಕೊನೆಗೆ ಆಳದ ವಿಷಯ. ಗಡ್ಡೆಯ ಅಗಲದ ಜೊತೆಗೆ ಅದು ಎಷ್ಟು ಒಳಗಿಳಿದಿದೆ ಎಂಬುದೂ ಮುಖ್ಯ. ಈ ಅಧ್ಯಯನದಲ್ಲಿ 3 ಮಿ.ಮೀ.ಗಿಂತ ಆಳ ಇದ್ದವರಲ್ಲಿ ಲಾಭ ಸ್ಪಷ್ಟವಾಗಿತ್ತು. ಕ್ಯಾನ್ಸರ್ ಹಂತಗಳ ನಿಯಮ ಬರೆಯುವ ಅಮೆರಿಕದ ಸಮಿತಿ ಎಜೆಸಿಸಿಯ ಕೈಪಿಡಿಯ ಎಂಟನೇ ಆವೃತ್ತಿ ಆಳವನ್ನು ಸ್ಟೇಜಿಂಗ್‌ಗೇ, ಅಂದರೆ ರೋಗದ ಹಂತ ಗುರುತಿಸುವುದಕ್ಕೇ, ಸೇರಿಸಿತು: ಗಡ್ಡೆಯನ್ನು ಟಿ-1, ಅಂದರೆ ಚಿಕ್ಕ ಗಡ್ಡೆ, ಅನ್ನಬೇಕಾದರೆ 2 ಸೆಂ.ಮೀ. ಒಳಗಿದ್ದು, ಆಳ 5 ಮಿ.ಮೀ. ಮೀರಿರಬಾರದು. ಪೆಥಾಲಜಿ ವರದಿ ಕೈಗೆ ಬಂದಾಗ ಮೊದಲು ಆ ಮಿಲಿಮೀಟರ್ ಅಂಕಿ ಹುಡುಕಿ. ಕಾಣದಿದ್ದರೆ ಲ್ಯಾಬ್‌ಗೆ ಹೋಗಿ ಕೇಳಿ ಬನ್ನಿ.