ಮೈಎಸ್‌ಕ್ಯೂಎಲ್ 8 ಹೊಸದೋ, ಮರಿಯಾಡಿಬಿ 10 ಹೊಸದೋ?

ಎರಡೂ ಮಾಹಿತಿ ಕೂಡಿಡುವ ಡೇಟಾಬೇಸ್ ತಂತ್ರಾಂಶಗಳು. ಡೆಬಿಯನ್ 9 (ಲಿನಕ್ಸಿನ ಒಂದು ಬಗೆ) ಇದ್ದ ಸರ್ವರಿನಲ್ಲಿ ಡೇಟಾಬೇಸಿನ ವರ್ಷನ್ ಕೇಳಿದರೆ ಇಂಥದೊಂದು ಸಾಲು ಬರುತ್ತಿತ್ತು: ‘ಮೈಎಸ್‌ಕ್ಯೂಎಲ್ ವರ್ 15.1 ಡಿಸ್ಟ್ರಿಬ್ 10.1.48-ಮರಿಯಾಡಿಬಿ’. ಮೈಎಸ್‌ಕ್ಯೂಎಲ್ 15 ಅಂತ ಒಂದು ಇವತ್ತಿಗೂ ಬಂದಿಲ್ಲ. 15.1 ಎಂಬುದು ನಾವು ಕಮಾಂಡ್ ಟೈಪ್ ಮಾಡುವ ಕ್ಲೈಂಟ್ ಪ್ರೋಗ್ರಾಮಿನ ನಂಬರು. ಬೇಕಾದ ಉತ್ತರ 10.1, ಅದು ಮರಿಯಾಡಿಬಿಯ ನಂಬರು. ಮೈಎಸ್‌ಕ್ಯೂಎಲ್‌ನದ್ದಲ್ಲ.

1995ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ಮೈಎಸ್‌ಕ್ಯೂಎಲ್ 2008ರಲ್ಲಿ ಸನ್ ಕಂಪನಿಯ ಪಾಲಾಗಿ, 2010ರಲ್ಲಿ ಸನ್ ಸಮೇತ ಒರಾಕಲ್ ಪಾಲಾಯಿತು. ಅಷ್ಟರೊಳಗೆ ಮೂಲ ಕರ್ತೃ ಮಾಂಟಿ ವಿಡೇನಿಯಸ್ ಅದೇ ಕೋಡಿನಿಂದ ಮರಿಯಾಡಿಬಿ ಎಂಬ ಫೋರ್ಕ್ (ಕವಲೊಡೆದ ಬೇರೆ ತಂತ್ರಾಂಶ) ಹೊರಡಿಸಿದ್ದರು. (ಮೈ, ಮರಿಯಾ ಎರಡೂ ಅವರ ಹೆಣ್ಣುಮಕ್ಕಳ ಹೆಸರು.)

ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಿದರೆ ಏನೂ ಮುರಿಯುವುದಿಲ್ಲ ಎಂಬುದು ಮರಿಯಾಡಿಬಿ ಕೊಟ್ಟ ಮಾತು. ನಂಬರೂ ಅದಕ್ಕೆ ತಕ್ಕಂತೆ ಇತ್ತು: ಮೈಎಸ್‌ಕ್ಯೂಎಲ್ 5.1ಕ್ಕೆ ಮರಿಯಾಡಿಬಿ 5.1, 5.5ಕ್ಕೆ 5.5. ನಡುವೆ ಬಂದ ಮರಿಯಾಡಿಬಿ 5.2, 5.3ಕ್ಕೆ ಮಾತ್ರ ಆ ಕಡೆ ಜೋಡಿಯೇ ಇರಲಿಲ್ಲ, ಎರಡೂ 5.1ರ ಮೇಲೇ ಕಟ್ಟಿದವು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ದಾರಿ ಪೂರ್ತಿ ಬೇರೆಯಾದದ್ದು 2012ರ ನವೆಂಬರಿನಲ್ಲಿ. ಆಗ ಬಂದ ಮರಿಯಾಡಿಬಿ 10.0ರ ಆಲ್ಫಾಗೆ (ಮೊದಲ ಪರೀಕ್ಷಾ ಆವೃತ್ತಿಗೆ) ಬುನಾದಿ ಮೈಎಸ್‌ಕ್ಯೂಎಲ್ 5.5. ಮೇಲೆ 5.6ರಿಂದ ಆರಿಸಿ ತಂದ ಕೆಲವು ಸೌಲಭ್ಯ, ಉಳಿದದ್ದು ಸ್ವಂತದ್ದು. ಅದನ್ನು 5.6 ಎಂದು ಕರೆದಿದ್ದರೆ ಸುಳ್ಳಾಗುತ್ತಿತ್ತು, ಆದ್ದರಿಂದ ಈ ಜಿಗಿತ ಪ್ರಾಮಾಣಿಕವೇ. ಆದರೆ ನಂಬರು ಬದಲಾದರೂ ಕಮಾಂಡಿನ ಹೆಸರು ‘ಮೈಎಸ್‌ಕ್ಯೂಎಲ್’ ಎಂದೇ ಉಳಿಯಿತು. ಗೊಂದಲದ ಅರ್ಧ ಪಾಲು ಅಲ್ಲಿಯದು.

ಮನುಷ್ಯರಿಗಿಂತ ಮೊದಲು ಎಡವಿದ್ದು ಪ್ರೋಗ್ರಾಮುಗಳು. ಮಾಸ್ಟರ್ ಸರ್ವರಿನ ಡೇಟಾವನ್ನು ಸ್ಲೇವ್ ಸರ್ವರ್ ನಕಲು ಮಾಡಿಕೊಳ್ಳುತ್ತಾ ಹೋಗುವುದಕ್ಕೆ ರೆಪ್ಲಿಕೇಶನ್ ಎನ್ನುತ್ತಾರೆ. ರೆಪ್ಲಿಕೇಶನ್‌ನಲ್ಲಿ ಹಳೆಯ ಸ್ಲೇವ್ ಸರ್ವರುಗಳು ಮಾಸ್ಟರ್ ಹೇಳುವ ವರ್ಷನ್ನಿನ ಮೊದಲ ಅಕ್ಷರವನ್ನಷ್ಟೇ ನೋಡುತ್ತಿದ್ದವು. ‘10’ ಎಂದರೆ ಅವಕ್ಕೆ ಕಾಣುತ್ತಿದ್ದದ್ದು ಬರೀ ‘1’. ಇಷ್ಟು ಹಳೆಯದು ನನಗೆ ಗೊತ್ತಿಲ್ಲ ಎಂದು ನಿಂತುಬಿಡುತ್ತಿದ್ದವು. ಹಾಗಾಗಿ ಮರಿಯಾಡಿಬಿ 10 ಕನೆಕ್ಷನ್ ಆಗುವಾಗ ತನ್ನ ನಂಬರಿಗೂ ಮೊದಲು ‘5.5.5-’ ಅಂಟಿಸಿ ಹೇಳತೊಡಗಿತು. ಸ್ಲೇವ್‌ಗೆ ಸಮಾಧಾನವಾಯಿತು. ಆದರೆ ವರ್ಷನ್ ಓದಿ ಸೌಲಭ್ಯ ನಿರ್ಧರಿಸುವ ಎಷ್ಟೋ ಲೈಬ್ರರಿಗಳು ಇದು ಹಳೆಯ 5.5 ಎಂದೇ ತಿಳಿದವು. ಆ ‘5.5.5-’ ಹೋದದ್ದು 11.0ರಲ್ಲಿ.

ಡಂಪ್ ಫೈಲುಗಳದ್ದು (ಡೇಟಾಬೇಸನ್ನು ಕಮಾಂಡುಗಳ ರೂಪದಲ್ಲಿ ಬರೆದಿಟ್ಟ ಬ್ಯಾಕಪ್) ಇನ್ನೊಂದು ರಗಳೆ. ಇಂತಿಷ್ಟಕ್ಕಿಂತ ಹೊಸ ಸರ್ವರ್ ಆದರೆ ಮಾತ್ರ ಈ ಸಾಲನ್ನು ನಡೆಸು ಎಂದು ಕಮೆಂಟಿನೊಳಗೇ ಬರೆಯುವ ಪದ್ಧತಿ ಮೈಎಸ್‌ಕ್ಯೂಎಲ್‌ನಲ್ಲಿದೆ. ಲೆಕ್ಕದ ಪ್ರಕಾರ 10 ಎಂಬುದು 5.7ಕ್ಕಿಂತ ದೊಡ್ಡದು, ಆದರೆ 5.7ರ ಸೌಲಭ್ಯಗಳು ಅದರಲ್ಲಿ ಇರಬೇಕೆಂದಿಲ್ಲ. ಕೊನೆಗೆ ಮರಿಯಾಡಿಬಿ 50700ರಿಂದ (ಅಂದರೆ 5.7.0) 99999ರವರೆಗಿನ ಗುರುತಿನ ಅಂಥ ಕಮೆಂಟುಗಳನ್ನು ನಡೆಸದೆ ಬಿಟ್ಟೇಬಿಡತೊಡಗಿತು.

ಆ ಕಡೆಯ ಲೆಕ್ಕವೂ ನೇರವಾಗಿಲ್ಲ. ಮೈಎಸ್‌ಕ್ಯೂಎಲ್ 6.0 ಆಲ್ಫಾದಲ್ಲೇ ನಿಂತುಹೋಗಿತ್ತು, 7 ಎಂಬ ನಂಬರು ಹಲವು ಸರ್ವರುಗಳು ಒಟ್ಟಾಗಿ ನಡೆಸುವ ಕ್ಲಸ್ಟರ್ ಆವೃತ್ತಿಯ ಪಾಲಾಗಿತ್ತು. 5.7ರ ನಂತರ 2018ರ ಏಪ್ರಿಲ್‌ನಲ್ಲಿ ಬಂದದ್ದು ಸೀದಾ 8.0. ಮುಂದಿನ ತಿಂಗಳೇ ಮರಿಯಾಡಿಬಿ 10.3. ಎಂಟಕ್ಕಿಂತ ಹತ್ತು ಮುಂದಿದೆ ಎಂದುಕೊಂಡವರೂ ಇದ್ದರು. ವಿಂಡೋ ಫಂಕ್ಷನ್ (ಸಂಬಂಧಪಟ್ಟ ಬೇರೆ ಸಾಲುಗಳನ್ನೂ ನೋಡಿ ಲೆಕ್ಕ ಹಾಕುವ ಸೌಲಭ್ಯ) ವಿಷಯದಲ್ಲಿ ಅದು ನಿಜವೂ ಹೌದು, ಅವು ಮರಿಯಾಡಿಬಿ 10.2ರಲ್ಲೇ ಬಂದಿದ್ದವು. ಜೇಸಾನ್ (ಡೇಟಾವನ್ನು ಪಠ್ಯವಾಗಿ ಬರೆಯುವ ಒಂದು ಕ್ರಮ) ವಿಷಯದಲ್ಲಿ ಉಲ್ಟಾ: ಮೈಎಸ್‌ಕ್ಯೂಎಲ್‌ನಲ್ಲಿ ಅದಕ್ಕೆ 5.7ರಿಂದಲೇ ಬೇರೆ ಬೈನರಿ ಟೈಪ್ ಇದೆ, ಮರಿಯಾಡಿಬಿಯಲ್ಲಿ ಅದು ಉದ್ದ ಪಠ್ಯದ ಟೈಪ್ ಆದ ಲಾಂಗ್‌ಟೆಕ್ಸ್ಟ್‌ಗೆ ಇಟ್ಟ ಇನ್ನೊಂದು ಹೆಸರು.

ಈಗ ಮರಿಯಾಡಿಬಿಯ ಕಮಾಂಡಿಗೂ ‘ಮರಿಯಾಡಿಬಿ’ ಎಂದೇ ಹೆಸರು. ಪ್ರೋಗ್ರಾಮುಗಳನ್ನು ಇಮೇಜ್ ಎಂಬ ಸಿದ್ಧ ಪೊಟ್ಟಣದಿಂದ ಓಡಿಸುವ ಡಾಕರಿನ ಅಧಿಕೃತ ಇಮೇಜಿನಲ್ಲಿ 11ರಿಂದ ಹಳೆಯ ಹೆಸರನ್ನು ತೆಗೆದಿದ್ದಾರೆ. ಹಳೆಯ ಬ್ಯಾಕಪ್ ಸ್ಕ್ರಿಪ್ಟ್ ಅಲ್ಲಿ ಓಡಿಸಿದರೆ ‘ಕಮಾಂಡ್ ನಾಟ್ ಫೌಂಡ್’ ಬರುತ್ತದೆ.